ಬಣವೆಯ ಬೆಕ್ಕು ಮನೆಯ ಬೆಕ್ಕಾದೀತೇ?

ಪುರವರ: ಕಡಲೆಕಾಯಿ ಮೂಟೆ ಮನೆ ಸೇರಿದ ಬೆನ್ನಿಗೇ ಇಲಿಯೂ ಸೇರುತ್ತದೆ, ಇಲಿಯ ಹಿಂದೆ ಬೆಕ್ಕು. ಮಧುಗಿರಿ, ಪಾವಗಡ, ಶಿರಾ ಭಾಗದ ರೈತರಿಗೆ ಇದು ಹೊಸತಲ್ಲ. ಆದರೆ ಬಣವೆಯ ಸಂದಿಯಲ್ಲಿ ಹುಟ್ಟಿ, ಮನುಷ್ಯರ ನೆರಳು ಕಂಡರೆ ಓಡುವ ಬೀಡಾಡಿ ಬೆಕ್ಕನ್ನು ಮನೆಯೊಳಗೆ ಸಾಕಲು ಸಾಧ್ಯವೇ? ಅದು ಸಾಕುವವರ ಪ್ರೀತಿಗಿಂತ ಬೆಕ್ಕಿನ ವಯಸ್ಸನ್ನು ಅವಲಂಬಿಸಿದೆ.

ಮರಿ ಮನುಷ್ಯರನ್ನು ತನ್ನವರೆಂದು ಒಪ್ಪಿಕೊಳ್ಳುವ ಕಾಲ ಬಹಳ ಕಿರಿದು. ಸುಮಾರು 2ರಿಂದ 7ನೇ ವಾರದೊಳಗೆ ಮನುಷ್ಯರ ಕೈ ಸೋಕಿದ ಮರಿ ಬೇಗ ಪಳಗುತ್ತದೆ. ಹಾಗೆಂದು ತಾಯಿಯ ಹಾಲು ಕುಡಿಯುತ್ತಿರುವ ಎಳೆಮರಿಯನ್ನು ಎತ್ತಿ ತರುವುದು ಸಲ್ಲದು. ತಾನೇ ಆಹಾರ ತಿನ್ನಲು ಕಲಿತ 5-6 ವಾರದ ಮರಿಯೇ ಸೂಕ್ತ. ವಯಸ್ಸು ತಿಳಿಯದಿದ್ದರೆ ಕಣ್ಣು ನೋಡಬೇಕು: ಹುಟ್ಟುನೀಲಿ ಬಣ್ಣ ಮಾಸತೊಡಗುವುದು 6-7ನೇ ವಾರದ ಹೊತ್ತಿಗೆ. ಅಂಥ ಮರಿಯನ್ನು ಚಿಕ್ಕ ಕೋಣೆಯೊಂದರಲ್ಲಿ ಬಿಟ್ಟು, ಒಬ್ಬರೇ ದಿನವೂ ಬಳಿ ಕುಳಿತು ಬೇಯಿಸಿದ ಮೊಟ್ಟೆ, ಮಾಂಸದ ಚೂರು ತಿನ್ನಿಸಿದರೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿ ತರುತ್ತದೆ.

ಬೆಳೆದ ಬೆಕ್ಕಿನ ಮಾತು ಬೇರೆ. ಹಿಂದೆ ಯಾರದೋ ಮನೆಯಲ್ಲಿದ್ದು ಬೀದಿಗೆ ಬಿದ್ದದ್ದಾದರೆ ಜನರನ್ನು ಕಂಡು 'ಮಿಯಾಂವ್' ಎನ್ನುತ್ತದೆ, ಮರಳಿ ಒಗ್ಗುತ್ತದೆ. ಮನುಷ್ಯರನ್ನೇ ಅರಿಯದೆ ಬೆಳೆದದ್ದು ಮಡಿಲ ಬೆಕ್ಕಾಗುವುದು ತೀರಾ ವಿರಳ. ಹಿಡಿಯಹೋದರೆ ಪರಚುತ್ತದೆ, ಕಚ್ಚುತ್ತದೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ ಎಂಬುದನ್ನು ಹಳ್ಳಿಗಳಲ್ಲಿ ಹಲವರು ಗಂಭೀರವಾಗಿ ಪರಿಗಣಿಸುವುದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ ಮೆತ್ತಿ ಸುಮ್ಮನಿರಬಾರದು.

ಇನ್ನೊಂದು ತೊಡಕಿದೆ. ಮಧುಗಿರಿ ತಾಲ್ಲೂಕು ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಂಥ ಹುಲ್ಲುಗಾವಲು, ಕುರುಚಲು, ಹೊಲಗಳು ನಿಜವಾದ ಕಾಡುಬೆಕ್ಕಿಗೂ ಒಗ್ಗುವ ನೆಲೆ. ಅದರ ಮರಿಗಳ ಮೈಮೇಲೂ ಪಟ್ಟೆಗಳಿರುವುದರಿಂದ ಊರ ಬೆಕ್ಕಿನ ಮರಿಯೆಂದು ಮನೆಗೆ ತರುವ ಅಪಾಯವಿದೆ. ಬೆಳೆದ ಕಾಡುಬೆಕ್ಕಿಗೆ ಕಾಲು ಉದ್ದ, ಬಾಲ ಗಿಡ್ಡ, ಕಿವಿತುದಿಯಲ್ಲಿ ಕಪ್ಪು ಕೂದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಸಾಕುವುದು ಅಪರಾಧ. ಹೊಲದಲ್ಲಿ ಮರಿ ಕಂಡರೆ ಮುಟ್ಟದೆ ದೂರ ಸರಿಯಬೇಕು. ತಾಯಿ ಬೇಟೆಗೆ ಹೋಗಿರುವುದೇ ಹೆಚ್ಚು. ಅನುಮಾನವಿದ್ದರೆ ಅರಣ್ಯ ಇಲಾಖೆಗೆ ತಿಳಿಸಬಹುದು.

ಪಳಗದ ಊರ ಬೆಕ್ಕನ್ನು ಬಣವೆಯಲ್ಲೇ ಬಿಟ್ಟು, ಹೊತ್ತಿಗೆ ಸರಿಯಾಗಿ ಒಂದೇ ಜಾಗದಲ್ಲಿ ತುಸು ಆಹಾರವಿಟ್ಟರೆ ಇಲಿ ಕಾಯುವ ಕೆಲಸವನ್ನಂತೂ ಅದು ಬಿಡುವುದಿಲ್ಲ. ಹೆಣ್ಣು ಬೆಕ್ಕು ಸುಮಾರು 9 ವಾರದ ಗರ್ಭದ ನಂತರ ಈಯುತ್ತದೆ, ವರ್ಷಕ್ಕೆ ಎರಡು-ಮೂರು ಬಾರಿಯೂ ಮರಿ ಹಾಕಬಲ್ಲದು. ಸಂಖ್ಯೆ ಮಿತಿಯಲ್ಲಿರಬೇಕಾದರೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗುತ್ತದೆ.