ಕರೆಂಟು ಕಂಬವಿಲ್ಲದ ತೋಟದಲ್ಲಿ ಅತಿಥಿಗಳು



ಪೇಟೆಯ ಜನ ಹಣ ಕೊಟ್ಟು ತೋಟದ ಮನೆಯಲ್ಲಿ ಎರಡು ದಿನ ಇದ್ದು ಹೋಗುವುದು ಕೊಡಗು, ಚಿಕ್ಕಮಗಳೂರುಗಳಲ್ಲಿ ಹಳೆಯ ಸಂಗತಿಯಾಯಿತು. ಈಗ ಚನ್ನಗಿರಿ, ನ್ಯಾಮತಿ ಕಡೆಯ ಕೆಲವು ಸದಸ್ಯರೂ ನಮ್ಮಲ್ಲಿ ಇದು ನಡೆದೀತೇ ಎಂದು ವಿಚಾರಿಸುತ್ತಿದ್ದಾರೆ. ಸಾವಯವ ತೋಟ, ಲೈನ್ ಕರೆಂಟಿಲ್ಲದ ಮನೆ ಎಂದರೆ ಪೇಟೆಯವರಿಗೆ ಅದೇ ಒಂದು ಆಕರ್ಷಣೆ. ಆದರೆ ಅಂಥ ತೋಟ ಎಷ್ಟು ಜನರನ್ನು ತಾಳಿಕೊಳ್ಳುತ್ತದೆಂಬ ಲೆಕ್ಕ ಹಾಕದೆ ಕೋಣೆ ಕಟ್ಟಿಸಲು ಸಾಲ ಎತ್ತಬಾರದೆಂಬುದು ನನ್ನ ಅಭಿಪ್ರಾಯ.

ಮಡಿಕೇರಿಯ ಬಳಿ ಗಾಳಿಬೀಡಿನ ಮೋಜೋ ತೋಟ ಇದಕ್ಕೆ ಒಳ್ಳೆಯ ನಿದರ್ಶನ. ದೆಹಲಿಯಿಂದ ಬಂದ ವಿಜ್ಞಾನಿ ದಂಪತಿಗಳು 1990ರ ದಶಕದಲ್ಲಿ ಅಲ್ಲಿ ನೆಲೆಸಿ, ಕಾಡಿನ ನೆರಳಿನಲ್ಲೇ ಏಲಕ್ಕಿ, ಕಾಫಿ, ಮೆಣಸನ್ನು ಸಾವಯವ ರೀತಿಯಲ್ಲಿ ಬೆಳೆದರು. ಅತಿಥಿಗಳಿಗಾಗಿ ರೈನ್‌ಫಾರೆಸ್ಟ್ ರಿಟ್ರೀಟ್ ಎಂಬ ಹೆಸರಿನಲ್ಲಿ ಕೆಲವೇ ಮನೆಗಳನ್ನು ಕಟ್ಟಿದರು. ದೀಪಕ್ಕೆ ಸೌರಶಕ್ತಿ, ಅಡಿಗೆಗೆ ಗೋಬರ್ ಗ್ಯಾಸ್. ಗಮನಿಸತಕ್ಕ ಅಂಶವೆಂದರೆ, ಅಲ್ಲಿ ಮೊದಲು ತೋಟ ನಿಂತಿತು, ಅತಿಥಿಗಳು ಬಂದುದು ಆಮೇಲೆ.

ಈಗ ಕರೆಂಟಿನ ಲೆಕ್ಕ ನೋಡೋಣ. ಒಂದು ಕಿಲೋವಾಟಿನ ಸೌರ ಫಲಕ ಒಳ್ಳೆಯ ಬಿಸಿಲಿದ್ದ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಆದರೆ ಅತಿಥಿಗೆ ಬೆಳಕು ಬೇಕಾಗುವುದು ರಾತ್ರಿ. ಆದುದರಿಂದ ಫಲಕಕ್ಕಿಂತ ಬ್ಯಾಟರಿಯ ಮಿತಿಯೇ ಮುಖ್ಯ. 12 ವೋಲ್ಟ್, 150 ಆಂಪಿಯರ್-ಅವರಿನ ಒಂದು ಸಾಧಾರಣ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಅದು ನಾಲ್ಕು ಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಂದರೆ 0.9 ಯೂನಿಟ್. 9 ವಾಟಿನ 8 ಎಲ್‌ಇಡಿ ದೀಪ 5 ಗಂಟೆ ಉರಿದರೆ 0.36, ಕಡಿಮೆ ಕರೆಂಟಿನ 30 ವಾಟ್ ಫ್ಯಾನು ಎರಡು 8 ಗಂಟೆ ತಿರುಗಿದರೆ 0.48. ಅಲ್ಲಿಗೆ ಬ್ಯಾಟರಿ ಮುಗಿಯಿತು. ಒಬ್ಬ ಅತಿಥಿ 2 ಕಿಲೋವಾಟಿನ ಗೀಸರನ್ನು ಅರ್ಧ ಗಂಟೆ ಹಾಕಿದರೆ 1 ಯೂನಿಟ್, ಮನೆಯವರೆಲ್ಲ ಕತ್ತಲಲ್ಲಿ! ಸ್ನಾನದ ನೀರಿಗೆ ನಮ್ಮ ಹಂಡೆ ಒಲೆಯೇ ಸರಿ. ಅಡಿಕೆ ಸಿಪ್ಪೆ, ಒಣ ಸೋಗೆಗೆ ನಮ್ಮಲ್ಲೇನು ಬರವೇ?

ಇಲ್ಲಿ ಒಂದು ಎಚ್ಚರಿಕೆ. 10 ಎಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್ಟಿಗೆ ಸರಕಾರ ಕೊಡುವ ಉಚಿತ ವಿದ್ಯುತ್ತು ನೀರೆತ್ತುವುದಕ್ಕೆ ಮಾತ್ರ. ಆ ಮೀಟರಿನಿಂದ ಅತಿಥಿಯ ಕೋಣೆಗೆ ತಂತಿ ಎಳೆದರೆ ದುರುಪಯೋಗವೆನಿಸಿ ದಂಡ ಬೀಳುವುದು. ಪಂಪಿಗೆ ಲೈನು, ಮನೆಗೆ ಸೂರ್ಯ ಎಂದು ಬೇರೆ ಬೇರೆ ಇಡುವುದೇ ಸೂಕ್ತ. ಸಂಪೂರ್ಣವಾಗಿ ಲೈನ್ ಬಿಡುತ್ತೇನೆಂದು ಹಟ ಹಿಡಿಯುವುದರಲ್ಲಿ ನಮ್ಮ ತೋಟಗಳಿಗೆ ಲಾಭವಿಲ್ಲ.

ಗೋಬರ್ ಗ್ಯಾಸಿಗೂ ಮಿತಿ ಉಂಟು. 2 ಘನಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ರಾಸು. ಅದರಿಂದ ಐದಾರು ಜನರ ಅಡಿಗೆ ಆಗುತ್ತದೆ. ಮನೆಯವರೇ ಐದು ಮಂದಿ ಇದ್ದರೆ ಅತಿಥಿಯ ಊಟಕ್ಕೆ ಸೌದೆ ಒಲೆ ಹಚ್ಚಬೇಕು, ಹೊಗೆ ಕುಡಿಯುವವರು ಮನೆಯ ಹೆಂಗಸರು. ಚಳಿಗಾಲದಲ್ಲಿ ಗ್ಯಾಸು ಇನ್ನೂ ಕಡಿಮೆ. ಸ್ಲರಿ ಮಾತ್ರ ಅಡಿಕೆ ಬುಡಕ್ಕೆ ಒಳ್ಳೆಯ ಗೊಬ್ಬರ, ಅದರಲ್ಲಿ ಎರಡು ಮಾತಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ದೊಡ್ಡ ಪ್ರಶ್ನೆ ನೀರು. ಗಾಳಿಬೀಡಿನಲ್ಲಿ ಸುರಿಯುವ ಮಳೆಗೂ ಜಗಳೂರಿನ ಮಳೆಗೂ ಹೋಲಿಕೆಯೇ ಇಲ್ಲ. ಜಗಳೂರಿಗೆ ಬಿಸಿಲು ಧಾರಾಳ, ರಂಗಯ್ಯನದುರ್ಗದಲ್ಲಿ ಕೊಂಡುಕುರಿ ನೋಡಲೆಂದು ಬರುವವರೂ ಉಂಟು. ಆದರೆ ಪೇಟೆಯವನ ಒಂದು ದಿನದ ಬಳಕೆ 135 ಲೀಟರ್ ಎಂಬುದು ಸರಕಾರಿ ಯೋಜನೆಗಳು ಹಿಡಿಯುವ ಅಳತೆ. ಹನಿ ನೀರಾವರಿಯಲ್ಲಿ ಬೇಸಿಗೆಯ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಒಬ್ಬ ಅತಿಥಿ ಎಂದರೆ ಏಳು ಮರದ ನೀರು! ಬಕೆಟ್ಟು ಚೊಂಬು ಇಟ್ಟರೆ ಇದು ಅರ್ಧಕ್ಕೆ ಇಳಿಯುವುದು, ಬಚ್ಚಲ ನೀರು ಬಾಳೆಗೆ ಹರಿದರೆ ಅಷ್ಟೂ ನಷ್ಟವಲ್ಲ. ಸೂಳೆಕೆರೆಯ ಅಚ್ಚುಕಟ್ಟಿನವರಿಗೆ, ಹೊನ್ನಾಳಿಯ ಹೊಳೆದಂಡೆಯವರಿಗೆ ಈ ಚಿಂತೆ ಕಡಿಮೆ. ಕೊಳವೆಬಾವಿಯನ್ನೇ ನಂಬಿದವರು ಮಾರ್ಚಿಯಿಂದ ಮೇವರೆಗೆ ಅತಿಥಿಗಳನ್ನು ಒಪ್ಪದಿರುವುದೇ ಲೇಸು.

ಇನ್ನು ಸಾವಯವ ಎಂಬ ಬೋರ್ಡಿನ ವಿಚಾರ. ರಾಷ್ಟ್ರೀಯ ಸಾವಯವ ನಿಯಮದಂತೆ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ 3 ವರ್ಷ. ಹೋದ ವರ್ಷ ಕಳೆನಾಶಕ ಹೊಡೆದ ತೋಟಕ್ಕೆ ಈ ವರ್ಷ ಬೋರ್ಡು ಹಾಕುವಂತಿಲ್ಲ. ಅಡಿಕೆ ಗೊನೆಯ ಮೇಲಿನ ನೀಲಿ ಬಣ್ಣ ಏನೆಂದು ಅತಿಥಿಗಳು ಕೇಳಿಯೇ ಕೇಳುತ್ತಾರೆ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣವೆಂದೂ, ಮೈಲುತುತ್ತಕ್ಕೆ ಸಾವಯವ ನಿಯಮದಲ್ಲಿ ಮಿತವಾದ ಅವಕಾಶವಿದೆಯೆಂದೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಹಣ ಕೊಟ್ಟು ತಂಗುವವರಲ್ಲದೆ ಕಲಿಯಲು ಬರುವವರೂ ಇದ್ದಾರೆ. ದೊಡ್ಡಬಳ್ಳಾಪುರದ ಬಳಿ ಮರೇನಹಳ್ಳಿಯ ಎಲ್. ನಾರಾಯಣ ರೆಡ್ಡಿಯವರ ತೋಟಕ್ಕೆ, 2019ರಲ್ಲಿ ಅವರು ತೀರಿಕೊಳ್ಳುವವರೆಗೂ, ದೇಶ ವಿದೇಶಗಳಿಂದ ಜನ ಬರುತ್ತಿದ್ದರು. ದುಡಿಮೆಗೆ ಬದಲಾಗಿ ಊಟ ವಸತಿ ಎಂಬ ಏರ್ಪಾಡು 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದೆ. ಆದರೆ ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರಿಂದ ಕೆಲಸ ಮಾಡಿಸಿಕೊಳ್ಳುವ ಮುನ್ನ ಕಾನೂನು ಬಲ್ಲವರನ್ನು ಕೇಳಿ. ವಿದೇಶಿಯರು ಬರೀ ತಂಗಿದರೂ 24 ಗಂಟೆಯೊಳಗೆ ಅವರ ವಿವರವನ್ನು ನಿಗದಿತ ಫಾರಂನಲ್ಲಿ ಸಲ್ಲಿಸತಕ್ಕದ್ದು. ಹೋಂಸ್ಟೇ ಎಂದು ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು.

ಈ ವಿಷಯವಾಗಿ ಕಚೇರಿಗೆ ಬರುವ ಸದಸ್ಯರು ಕೋಣೆಯ ನಕ್ಷೆಗಿಂತ ಮೊದಲು ಒಂದು ಹಾಳೆಯಲ್ಲಿ ರಾಸುಗಳೆಷ್ಟು, ಏಪ್ರಿಲ್ ತಿಂಗಳಲ್ಲಿ ಕೊಳವೆಬಾವಿಯ ನೀರೆಷ್ಟು, ಮನೆಯಲ್ಲಿ ಅಡಿಗೆ ಮಾಡುವವರು ಯಾರು, ಅವರು ಇದಕ್ಕೆ ಒಪ್ಪಿದ್ದಾರೆಯೇ ಎಂಬುದನ್ನು ಬರೆದು ತರಬೇಕಾಗಿ ವಿನಂತಿ.

— ಕಾರ್ಯದರ್ಶಿ