ಶ್ರುತಿ ನಿಲ್ಲದ ಪಿಯಾನೋ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವೃದ್ಧೆಯಾದ ಸಂಗೀತ ಶಿಕ್ಷಕಿಯೊಬ್ಬರಿದ್ದಾರೆ. ನಿವೃತ್ತಿಯ ಬಳಿಕ ನೆರೆಹೊರೆಯ ಮಕ್ಕಳಿಗೆ ಪಿಯಾನೋ ಕಲಿಸಿಯೇ ಅವರ ಸಂಸಾರ ಸಾಗಬೇಕು. ಎರಡು ವರ್ಷಗಳ ಹಿಂದೆ, ಕೂಡಿಟ್ಟ ಹಣದ ಬಹುಭಾಗವನ್ನು ತೆತ್ತು, ‘ಪೂರ್ತಿ ಹೊಸದು ಮಾಡಿದ್ದು’ ಎಂಬ ಮಾತನ್ನು ನಂಬಿ ಹಳೆಯದೊಂದು ಪಿಯಾನೋ ಕೊಂಡರು. ಮೆರುಗೆಣ್ಣೆಯಲ್ಲಿ ಮುಖ ಕಾಣುತ್ತಿತ್ತು. ತಂತಿಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಆದರೆ ಶ್ರುತಿ ಮಾಡಿಸಿದ ಮೂರನೆಯ ವಾರಕ್ಕೇ ಅದು ಅಪಸ್ವರ ನುಡಿಯತೊಡಗಿತು. ಮತ್ತೆ ಮಾಡಿಸಿದರು, ಮತ್ತೆ ಕೆಟ್ಟಿತು. ಇಬ್ಬರು ಶಿಷ್ಯರು ಬೇರೆಡೆಗೆ ಹೊರಟುಹೋದರು. ದೂರೆಲ್ಲ ಬಿದ್ದುದು ಪಾಪ, ಶ್ರುತಿಗಾರನ ತಲೆಯ ಮೇಲೆ!

ಕನ್ನಡ ಪಾಠ ಹೇಳುವವನಿಗೆ ಪಿಯಾನೋದ ಗೊಡವೆ ಏಕೆಂದು ಓದುಗರು ಕೇಳಬಹುದು. ಈ ವಾದ್ಯ ನಮ್ಮ ನಾಡಿಗೆ ತೀರ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರಾಗಿದ್ದರು. ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಧನಸಹಾಯ ಮಾಡಿದವರು ಅವರೇ. ಅದಿರಲಿ. ನಾನು ಬಲ್ಲುದು ನಮ್ಮ ಮನೆಯ ತಂಬೂರಿಯನ್ನು ಮಾತ್ರ. ಅದಕ್ಕೆ ನಾಲ್ಕು ತಂತಿ, ನಾಲ್ಕು ಬಿರಡೆ. ಬಿರಡೆ ಜಾರಿದರೆ ಸೀಮೆಸುಣ್ಣ ಸವರಿ ಒತ್ತಿದರಾಯಿತು.

ಪಿಯಾನೋದ ಸಂಸಾರ ಅಷ್ಟು ಹಗುರವಲ್ಲ. 88 ಕೀಗಳಿಗೆ ಸುಮಾರು 230 ತಂತಿಗಳು. ಮಂದ್ರದ ಕೆಳಭಾಗದಲ್ಲಿ ಸ್ವರಕ್ಕೊಂದು, ಮುಂದೆ ಎರಡು, ಉಳಿದ ಬಹುಪಾಲಿಗೆ ಮೂರು ಮೂರು. ಎಲ್ಲ ತಂತಿಗಳ ಎಳೆತ ಸೇರಿದರೆ 15ರಿಂದ 20 ಟನ್! ಈ ಭಾರವನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ಆದರೆ ಪ್ರತಿ ತಂತಿಯನ್ನೂ ಅದರ ಸ್ವರದಲ್ಲಿ ನಿಲ್ಲಿಸುವುದು ಕಬ್ಬಿಣವಲ್ಲ, ಮರ. ಗಟ್ಟಿಮರದ ಪದರಗಳನ್ನು ಅಡ್ಡ ಉದ್ದ ಜೋಡಿಸಿ ಅಂಟಿಸಿದ ಹಲಗೆಯೊಂದರಲ್ಲಿ ಉಕ್ಕಿನ ಬಿರಡೆಗಳನ್ನು ಬಡಿದು ಕೂರಿಸಿರುತ್ತಾರೆ. ಮರದ ಬಿಗಿ ಹಿಡಿತವೊಂದೇ ಅವುಗಳಿಗೆ ಆಧಾರ. ಹತ್ತಾರು ಮಳೆಗಾಲಗಳಲ್ಲಿ ಉಬ್ಬಿ, ಬೇಸಗೆಗಳಲ್ಲಿ ಕುಗ್ಗಿದ ಆ ಮರದಲ್ಲಿ ರಂಧ್ರಗಳು ಸಡಿಲುತ್ತವೆ; ಪದರಗಳು ಬಿಡುತ್ತವೆ; ರಂಧ್ರದಿಂದ ರಂಧ್ರಕ್ಕೆ ಬಿರುಕು ಓಡುತ್ತದೆ. ಈ ಹಲಗೆಯೋ ಕಬ್ಬಿಣದ ಹಿಂದೆ ಅಡಗಿರುವುದು. ಕೊಳ್ಳುವವರ ಕಣ್ಣಿಗೆ ಬೀಳದ ಭಾಗವೇ ಹಳೆಯದಾಗಿ ಉಳಿದುಬಿಡುವುದು ಹೀಗೆ.

ಮಾರಿದವರು ಮಾತ್ರ, “ಹೊಸ ತಂತಿ ಹಿಗ್ಗುತ್ತದೆ, ತಾಳಿ” ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಹೊಸ ತಂತಿಗಳು ಮೊದಲ ವರ್ಷ ಸಡಿಲುತ್ತವೆ. ಹಲವು ಬಾರಿ ಶ್ರುತಿ ಮಾಡಬೇಕು. ಆದರೆ ಎರಡು ವರ್ಷ ಕಳೆದ ಮೇಲೂ ಆ ಮಾತು ಸಲ್ಲುವುದೇ?

ಕಳೆದ ಮಾರ್ಚಿಯಲ್ಲಿ ಬೇರೊಬ್ಬ ವಯೋವೃದ್ಧ ಶ್ರುತಿಗಾರರು ಬಂದರು. ಒಂದೊಂದೇ ಕೀ ಒತ್ತಿ ಬಹಳ ಹೊತ್ತು ಸುಮ್ಮನೆ ಆಲಿಸಿದರು. ಅವರ ತರ್ಕ ನನಗೆ ಬಲು ಹಿಡಿಸಿತು. ಹವೆಯಿಂದ ಕೆಟ್ಟ ಶ್ರುತಿ ನೆರೆಯ ಸ್ವರಗಳನ್ನೆಲ್ಲ ಒಟ್ಟಿಗೆ ಎಳೆದೊಯ್ಯುತ್ತದೆಯಂತೆ. ತಂತಿಯ ಹಿಂದಿರುವ ನಾದಫಲಕ ತೇವದಿಂದ ಉಬ್ಬಿದಾಗ ಕುದುರೆಯನ್ನು ಮೇಲಕ್ಕೆ ಒತ್ತುತ್ತದೆ; ಮಧ್ಯದ ಸ್ವರಗಳೆಲ್ಲ ತುಸು ಏರುತ್ತವೆ; ಒಣಹವೆಯಲ್ಲಿ ಇಳಿಯುತ್ತವೆ. ಇಲ್ಲಿಯೋ, ಒಂದೇ ಸ್ವರದ ಮೂರು ತಂತಿಗಳಲ್ಲಿ ಎರಡು ಸರಿಯಾಗಿದ್ದು ಮೂರನೆಯದು ಮಾತ್ರ ಜಾರಿತ್ತು. ಕೈಸಲಾಕೆಯನ್ನು ಬಿರಡೆಗೆ ತೊಡಿಸಿ ತಿರುವಿದರೆ ಅದು ಬೆಣ್ಣೆಯಲ್ಲಿ ನೆಟ್ಟ ಕಡ್ಡಿಯಂತೆ ತಿರುಗಿತು. ಒಂದು ಬಿರಡೆಯನ್ನು ಕಿತ್ತು, ರಂಧ್ರದೊಳಗೆ ಟಾರ್ಚ್ ಹಿಡಿದರು.

“ತಂತಿ ಹೊಸದು, ಬಿರಡೆ ಹೊಸದು. ಮರ ಮಾತ್ರ ಹಳೆಯದೇ, ಟೀಚರಮ್ಮ.”

“ಹಾಗಾದರೆ ನನ್ನ ಹಣವೆಲ್ಲ ಮೆರುಗೆಣ್ಣೆಗೇ ಹೋಯಿತೇ?”

ಅವರು ಉತ್ತರ ಕೊಡಲಿಲ್ಲ. ಸಡಿಲಾದ ರಂಧ್ರಗಳಿಗೆ ದಪ್ಪನೆಯ ಬಿರಡೆ ಹಾಕಿ ಕೈತೊಳೆದುಕೊಂಡಿದ್ದರು. ಮರ ಗಟ್ಟಿಯಿದ್ದರೆ ಅದು ಒಳ್ಳೆಯ ಉಪಾಯವೇ. ಬಿರುಕು ಬಿಟ್ಟ ಮರದಲ್ಲಿ ದಪ್ಪ ಬಿರಡೆ ಬೆಣೆಯಂತೆ ಬಿರುಕನ್ನೇ ಹಿಗ್ಗಿಸುತ್ತದೆ. ಹಲಗೆಯನ್ನೇ ಬದಲಿಸುವುದಾದರೆ ತಂತಿಗಳನ್ನೆಲ್ಲ ಕಳಚಿ, ಚೌಕಟ್ಟನ್ನು ಎತ್ತಬೇಕು. ಅಷ್ಟು ಹಣ ಶಿಕ್ಷಕಿಯ ಬಳಿ ಇರಲಿಲ್ಲ. ಉಳಿದದ್ದು ಒಂದೇ ದಾರಿ. ನೀರಿನಷ್ಟು ತೆಳುವಾದ ಅಂಟನ್ನು ಬಿರಡೆಗಳ ಬುಡಕ್ಕೆ ಬಿಡುವುದು. ಬಿರುಕು ದೊಡ್ಡದಾಗಿದ್ದರೆ ಅದೂ ನಡೆಯದೆಂದು ಆತ ಮುಂಚಿತವಾಗಿಯೇ ಹೇಳಿದರು. ನಾವು ನಾಲ್ವರು ಏದುಸಿರು ಬಿಡುತ್ತ ಪಿಯಾನೋವನ್ನು ಬೆನ್ನ ಮೇಲೆ ಮಲಗಿಸಿದೆವು. ಅವರು ಇಡೀ ಮಧ್ಯಾಹ್ನ ಒಂದೊಂದಕ್ಕೂ ಹನಿ ಹನಿಯಾಗಿ ಅಂಟು ಕುಡಿಸಿದರು. ಮರುದಿನದಿಂದ ಶ್ರುತಿ, ಅದೂ ಒಂದೇ ಸಲಕ್ಕಲ್ಲ. ಕೆಳಗಿಳಿದ ತಂತಿಗಳನ್ನೆಲ್ಲ ಏರಿಸುವಾಗ ಒಟ್ಟು ಎಳೆತ ಹೆಚ್ಚಿ, ಮೊದಲು ಕೂಡಿಸಿದವು ಮತ್ತೆ ಇಳಿಯುತ್ತವೆ. ಮೂರು ಸುತ್ತು ಬೇಕಾಯಿತು.

ಜುಲೈ ತಿಂಗಳ ಜಡಿಮಳೆಯಲ್ಲಿ ಶಿಕ್ಷಕಿ ಗಾಬರಿಯಿಂದ ಅವರಿಗೆ ಹೇಳಿಕಳುಹಿಸಿದರು. ಆತ ಬಂದು, ನಡುವಣ ಸ್ವರಗಳನ್ನು ಒಂದೊಂದಾಗಿ ನುಡಿಸಿ ನೋಡಿದರು. ಎಲ್ಲವೂ ಒಂದೇ ಸಮನಾಗಿ ಕೂದಲೆಳೆಯಷ್ಟು ಮೇಲೇರಿದ್ದವು. ಮೂರು ಮೂರು ತಂತಿಗಳ ಹೊಂದಿಕೆ ಎಲ್ಲಿಯೂ ಮುರಿದಿರಲಿಲ್ಲ. ಮುದುಕರ ಮುಖ ಅರಳಿತು.

“ಇದು ಮಳೆಯ ಕೆಲಸ, ಟೀಚರಮ್ಮ. ಬಿರಡೆಯದಲ್ಲ!”