ಸವ್ರಣ ಭಗ್ನದ ತಾರತಮ್ಯ ವಿಚಾರ

ಅಸ್ಥಿಯು ಮುರಿದು, ಆ ಎಡೆಯ ಚರ್ಮವೂ ಹರಿದು, ಭಗ್ನಸ್ಥಾನವು ಹೊರಗಿನ ಮಾಲಿನ್ಯಕ್ಕೆ ತೆರೆದುಕೊಂಡರೆ ಅದು ಸವ್ರಣ ಭಗ್ನ. ಸುಶ್ರುತಸಂಹಿತೆಯ ನಿದಾನಸ್ಥಾನದ 15ನೆಯ ಅಧ್ಯಾಯವು ಸಂಧಿಮುಕ್ತದಲ್ಲಿ 6, ಕಾಂಡಭಗ್ನದಲ್ಲಿ 12 ಭೇದಗಳನ್ನು ಹೇಳುತ್ತದೆ. ಕರ್ಕಟಕ, ಅಶ್ವಕರ್ಣ, ಚೂರ್ಣಿತ ಮೊದಲಾದ ಕಾಂಡಭಗ್ನದ ಹೆಸರುಗಳು ಮುರಿದ ಅಸ್ಥಿಯ ರೂಪವನ್ನು ಅನುಸರಿಸಿದವು. ಸವ್ರಣ ಭಗ್ನದ ಉಪಚಾರವು ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯದಲ್ಲಿದೆ. ಭಗ್ನವು ಕೀವುಗಟ್ಟದಂತೆ ವೈದ್ಯನು ಯತ್ನಿಸಬೇಕು, ಮಾಂಸ ಸಿರಾ ಸ್ನಾಯುಗಳು ಪಕ್ವವಾದರೆ ಅದು ಕಷ್ಟಸಾಧ್ಯವಾಗುವುದು ಎಂಬುದು ಅಲ್ಲಿಯ ಅಭಿಪ್ರಾಯ.

ಅಸ್ಥಿಯ ರೂಪಕ್ಕಿಂತ ಅದನ್ನು ಆವರಿಸಿದ ಮೃದುಧಾತುಗಳ ಸ್ಥಿತಿಯೇ ಮುಖ್ಯವೆಂಬ ಈ ವಿಚಾರವು ಆಧುನಿಕ ಶಲ್ಯಶಾಸ್ತ್ರದ ವರ್ಗೀಕರಣಕ್ಕೂ ಆಧಾರವಾಗಿದೆ. ಅಮೆರಿಕದ ಮಿನಿಯಾಪೊಲಿಸ್ ನಗರದ ವೈದ್ಯರಾದ ರಾಮನ್ ಗಸ್ಟಿಲೊ ಹಾಗೂ ಜಾನ್ ಆಂಡರ್ಸನ್ 1,025 ಸವ್ರಣ ಭಗ್ನಗಳನ್ನು ಪರಿಶೀಲಿಸಿ 1976ರಲ್ಲಿ ಮೂರು ವರ್ಗಗಳನ್ನು ಪ್ರಕಟಿಸಿದರು.

ಮೊದಲನೆಯ ವರ್ಗದಲ್ಲಿ ವ್ರಣವು 1 ಸೆಂ.ಮೀ.ಗಿಂತ ಚಿಕ್ಕದು, ನಿರ್ಮಲವಾದುದು. ಎರಡನೆಯದರಲ್ಲಿ ವ್ರಣವು 1 ಸೆಂ.ಮೀ. ಮೀರಿದ್ದರೂ ಮೃದುಧಾತುಗಳ ಹಾನಿ ವ್ಯಾಪಕವಲ್ಲ. ವ್ಯಾಪಕ ಹಾನಿಯುಳ್ಳದ್ದು ಮೂರನೆಯದು. ಇದರೊಳಗೇ ಗಂಡಾಂತರದ ತಾರತಮ್ಯ ಬಹಳವಿದ್ದುದರಿಂದ ಗಸ್ಟಿಲೊ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ಇದನ್ನು ಮತ್ತೆ ವಿಭಾಗಿಸಿದರು. ಅಸ್ಥಿಯನ್ನು ಮುಚ್ಚಲು ಸಾಲುವಷ್ಟು ಮೃದುಧಾತು ಉಳಿದಿದ್ದರೆ 3-ಎ. ಅಸ್ಥಿಯ ಹೊರಪೊರೆ ಕಿತ್ತು ಎಲುಬು ಬಯಲಾಗಿದ್ದರೆ 3-ಬಿ. ಸರಿಪಡಿಸಲೇಬೇಕಾದ ರಕ್ತನಾಳದ ಗಾಯವಿದ್ದರೆ, ವ್ರಣವೆಷ್ಟೇ ಇರಲಿ, 3-ಸಿ.

ಇಲ್ಲಿ ವ್ರಣದ ಅಳತೆಯೊಂದನ್ನೇ ಪ್ರಮಾಣವೆಂದು ಭಾವಿಸುವುದು ಸಲ್ಲದು. ಹೊರಗೆ ಕಿರಿದಾಗಿ ತೋರುವ ವ್ರಣದ ಒಳಗೆ ಮಾಂಸವು ಜಜ್ಜಿ ನಿರ್ಜೀವವಾಗಿರಬಹುದು. ಆದುದರಿಂದ ಶಸ್ತ್ರಕರ್ಮದಲ್ಲಿ ವ್ರಣವನ್ನು ತೊಳೆದು, ಸತ್ತ ಭಾಗವನ್ನು ತೆಗೆದ ಬಳಿಕವೇ ವರ್ಗವನ್ನು ನಿಶ್ಚಯಿಸಬೇಕು. ಸೋಂಕುನಿವಾರಕ ಔಷಧದ ಆಯ್ಕೆಯೂ, ಅಸ್ಥಿಯನ್ನು ಮುಚ್ಚುವ ಕ್ರಮವೂ ಈ ನಿಶ್ಚಯವನ್ನು ಅವಲಂಬಿಸಿವೆ. 1976ರ ವರದಿಯಂತೆ, ಮೂರನೆಯ ವರ್ಗದಲ್ಲಿ ಮೊದಲು ನೂರಕ್ಕೆ 44ರಷ್ಟಿದ್ದ ಸೋಂಕು, ಚಿಕಿತ್ಸಾಕ್ರಮವನ್ನು ತಿದ್ದಿದ ನಂತರ 9ಕ್ಕೆ ಇಳಿಯಿತು.

ಆದರೂ ಈ ವರ್ಗೀಕರಣವು ನಿರ್ವಿವಾದವಲ್ಲ. 1994ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಂದೇ ಭಗ್ನವನ್ನು ನೋಡಿದ ಶಸ್ತ್ರವೈದ್ಯರ ನಿರ್ಣಯಗಳಲ್ಲಿ ಸರಾಸರಿ ನೂರಕ್ಕೆ 60ರಷ್ಟು ಮಾತ್ರ ಏಕಮತವಿತ್ತು. ವಿಶೇಷವಾಗಿ 3-ಬಿ ವರ್ಗವು ಅತಿ ವಿಶಾಲವಾದುದು. ಉಳಿಸಬಹುದಾದ ಕಾಲು, ಉಳಿಸಲಾಗದ ಕಾಲು ಎರಡೂ ಅದರಲ್ಲಿ ಅಡಕವಾಗುತ್ತವೆ. ಈ ಕೊರತೆಯನ್ನು ನೀಗಲು ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ, ಮೊಳಕಾಲ ಕೆಳಗಿನ ದೊಡ್ಡ ಎಲುಬಿನ 3-ಎ, 3-ಬಿ ಭಗ್ನಗಳಿಗಾಗಿ ಅಂಕಕ್ರಮವೊಂದನ್ನು ಪ್ರಕಟಿಸಿದರು. ಚರ್ಮಾವರಣ, ಅಸ್ಥಿ, ಮಾಂಸ-ಸ್ನಾಯು-ನರಗಳು ಎಂಬ ಮೂರಕ್ಕೂ ಅದರಲ್ಲಿ ಪ್ರತ್ಯೇಕ ಅಂಕಗಳಿವೆ. ರೋಗಿಯ ವಯಸ್ಸು, ಇತರ ವ್ಯಾಧಿಗಳೂ ಗಣನೆಗೆ ಬರುತ್ತವೆ. ಒಟ್ಟು 14 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಂಗವನ್ನು ಉಳಿಸಲು ಯತ್ನಿಸಬೇಕೆಂಬುದು ಅದರ ಸೂಚನೆ.